ಮಂಗಳ ಮತ್ತು ಮೌನ: ದೂರದರ್ಶನ ಧಾರಾವಾಹಿಗಳ ಮುಕ್ತಾಯದಲ್ಲಿ ಸಂಗೀತ

ದೂರದರ್ಶನ ಧಾರಾವಾಹಿಗಳನ್ನು ಕುರಿತು ನಮ್ಮಲ್ಲಿ ನಡೆದಿರುವ ಚರ್ಚೆ ಬಹುಮಟ್ಟಿಗೆ ಕಥಾವಸ್ತು, ಅಭಿನಯ ಮತ್ತು ಸಾಮಾಜಿಕ ಪರಿಣಾಮಗಳ ಸುತ್ತಲೇ ಸುಳಿದಿದೆ. ಸಂಗೀತದ ಮಾತು ಬಂದಾಗಲೂ ಶೀರ್ಷಿಕೆ ಗೀತೆಯ ಜನಪ್ರಿಯತೆಯನ್ನು ಪ್ರಸ್ತಾಪಿಸಿ ಮುಂದೆ ಸಾಗುವುದೇ ವಾಡಿಕೆ. ಕಥೆ ಮುಗಿಯುವ ಹೊತ್ತಿನಲ್ಲಿ, ಮಾತು ನಿಂತು ಪಾತ್ರವರ್ಗದ ಹೆಸರುಗಳು ಮೂಡುವ ಮುನ್ನ, ಪ್ರೇಕ್ಷಕನ ಮನಸ್ಸು ಯಾವ ಭಾವದಲ್ಲಿ ನೆಲೆಗೊಳ್ಳುತ್ತದೆ ಮತ್ತು ಅದನ್ನು ನೆಲೆಗೊಳಿಸುವಲ್ಲಿ ಸಂಗೀತದ ಪಾಲೆಷ್ಟು ಎಂಬ ಪ್ರಶ್ನೆ ಅಷ್ಟಾಗಿ ಪರಿಶೀಲನೆಗೆ ಒಳಗಾಗಿಲ್ಲ. 1980ರ ದಶಕದ ಕೆಲವು ಧಾರಾವಾಹಿಗಳನ್ನು, ಅವುಗಳಲ್ಲಿಯೂ ಶಂಕರ್‌ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಹಾಗೂ ಗೋವಿಂದ ನಿಹಲಾನಿಯವರ ‘ತಮಸ್’ ಕೃತಿಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಮಂಗಳದ ಪರಂಪರೆ

ಭಾರತೀಯ ಪ್ರದರ್ಶನ ಕಲೆಗಳಲ್ಲಿ ಮುಕ್ತಾಯವೆಂಬುದು ಕಥೆಯ ಕೊನೆಯ ಘಟನೆಯಲ್ಲ. ಅದೊಂದು ಪ್ರತ್ಯೇಕ ಕ್ರಿಯೆ. ಸಂಸ್ಕೃತ ನಾಟಕದ ಕಡೆಯಲ್ಲಿ ಭರತವಾಕ್ಯ ಬರುತ್ತದೆ. ಅಲ್ಲಿ ಪಾತ್ರಧಾರಿಯು ತನ್ನ ಪಾತ್ರವನ್ನು ಅರ್ಧ ಕಳಚಿ ನಿಂತು, ಕಾಲಕಾಲಕ್ಕೆ ಮಳೆಯಾಗಲಿ, ಲೋಕಕ್ಕೆ ಕ್ಷೇಮವಾಗಲಿ ಎಂದು ಹಾರೈಸುತ್ತಾನೆ. ಯಕ್ಷಗಾನದಲ್ಲಿ ರಾತ್ರಿಯಿಡೀ ಯುದ್ಧ, ವಧೆ, ವಿಲಾಪಗಳೆಲ್ಲ ನಡೆದ ಮೇಲೆ ಬೆಳಗಿನ ಜಾವ ಭಾಗವತರು ಮಂಗಳ ಪದ ಹಾಡುತ್ತಾರೆ. ಹರಿಕಥೆಯ ದಾಸರು ಮಂಗಳಾರತಿಯಿಲ್ಲದೆ ಎದ್ದುಹೋಗುವುದಿಲ್ಲ. ಕರ್ನಾಟಕ ಸಂಗೀತದ ಕಛೇರಿಯು ಸೌರಾಷ್ಟ್ರ ಇಲ್ಲವೆ ಮಧ್ಯಮಾವತಿಯಲ್ಲಿ ಮುಗಿದರೆ, ಹಿಂದುಸ್ತಾನಿ ಕಛೇರಿಗೆ ಭೈರವಿಯ ಮುಕ್ತಾಯವಿದೆ. ಅದುವರೆಗೆ ಹಾಡುವಾಗ ಸಂಭವಿಸಿರಬಹುದಾದ ದೋಷಗಳನ್ನೆಲ್ಲ ಮಧ್ಯಮಾವತಿ ಪರಿಹರಿಸುತ್ತದೆ ಎಂಬ ನಂಬಿಕೆ ವಿದ್ವಾಂಸರಲ್ಲಿ ಇಂದಿಗೂ ಉಳಿದಿದೆ.

ಈ ಎಲ್ಲ ಸಂಪ್ರದಾಯಗಳಿಗೆ ಸಮಾನವಾದ ಅಂಶವೊಂದಿದೆ. ಮಂಗಳವು ಕಥೆಯ ಭಾವವನ್ನು ಹೆಚ್ಚಿಸುವುದಿಲ್ಲ, ಅದನ್ನು ಇಳಿಸುತ್ತದೆ. ಪ್ರೇಕ್ಷಕನನ್ನು ವೀರ, ಕರುಣ, ರೌದ್ರಗಳಿಂದ ಬಿಡಿಸಿ ಮನೆಗೆ ಕಳುಹಿಸುವ ಹೊಣೆ ಅದರದು. ಮಹಾಭಾರತದ ಅಂಗಿರಸವು ಶಾಂತವೆಂದು ‘ಧ್ವನ್ಯಾಲೋಕ’ದಲ್ಲಿ ಆನಂದವರ್ಧನನು ಪ್ರತಿಪಾದಿಸಿದ್ದನ್ನು ಇಲ್ಲಿ ನೆನೆಯಬಹುದು. ಅಷ್ಟೊಂದು ರಕ್ತಪಾತದ ಕಾವ್ಯಕ್ಕೆ ಶಾಂತವು ಪ್ರಧಾನವಾಗುವುದು ಅದು ಎಲ್ಲಿಗೆ ತಂದು ಮುಟ್ಟಿಸುತ್ತದೆ ಎಂಬುದನ್ನು ಗಮನಿಸಿದಾಗ ಮಾತ್ರ. ಹಾಗೆ ನೋಡಿದರೆ, ಕೊನೆಯೇ ಇಡೀ ಕೃತಿಯ ರಸವನ್ನು ನಿಶ್ಚಯಿಸುತ್ತದೆ ಎಂಬ ಅರಿವು ನಮ್ಮ ಕಾವ್ಯಮೀಮಾಂಸೆಗೆ ಹೊಸದಲ್ಲ.

ಆಧುನಿಕ ಕನ್ನಡ ರಂಗಭೂಮಿಯೂ ಈ ಪರಂಪರೆಯನ್ನು ಪೂರ್ತಿಯಾಗಿ ಬಿಟ್ಟುಕೊಡಲಿಲ್ಲ. ಗಿರೀಶ ಕಾರ್ನಾಡರ ‘ಹಯವದನ’ವು ಗಣೇಶನ ಸ್ತುತಿಯಿಂದ ಆರಂಭಗೊಂಡು, ಭಾಗವತನು ಮುಂದೆ ನಿಂತು ನಡೆಸುವ ಪ್ರಾರ್ಥನೆಯೊಡನೆ ಮುಗಿಯುತ್ತದೆ. ಆದರೆ ಅಷ್ಟರಲ್ಲಿ ನಾಟಕವು ಎತ್ತಿರುವ ಅಪೂರ್ಣತೆಯ ಪ್ರಶ್ನೆಗೆ ಆ ಪ್ರಾರ್ಥನೆ ಉತ್ತರ ಕೊಡುವುದಿಲ್ಲ. ಮಂಗಳದ ಆಕಾರ ಹಳೆಯದೇ ಆಗಿದ್ದು, ಅದರೊಳಗಿನ ಸಮಾಧಾನ ಮಾತ್ರ ಅಲುಗಾಡಿದೆ. ಧಾರಾವಾಹಿಯ ಸಂಗೀತಗಾರರು ಎದುರಿಸಿದ ಸಮಸ್ಯೆಯೂ ಇದಕ್ಕೆ ಹತ್ತಿರದ್ದೇ ಆಗಿತ್ತು.

2. ಧಾರಾವಾಹಿಯ ಎರಡು ಮುಕ್ತಾಯಗಳು

ಭಾರತದಲ್ಲಿ ದೂರದರ್ಶನದ ಪ್ರಯೋಗಾತ್ಮಕ ಪ್ರಸಾರವು 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಆರಂಭವಾಯಿತು. 1982ರಲ್ಲಿ ವರ್ಣ ಪ್ರಸಾರ ಹಾಗೂ ರಾಷ್ಟ್ರೀಯ ಕಾರ್ಯಕ್ರಮಗಳು ಬಂದವು. 1984ರ ಜುಲೈ 7ರಂದು ‘ಹಮ್ ಲೋಗ್’ ಧಾರಾವಾಹಿಯು ಮೊದಲ್ಗೊಂಡಿತು. ನಾಟಕಕ್ಕೂ ಚಲನಚಿತ್ರಕ್ಕೂ ಇಲ್ಲದ ಒಂದು ತೊಡಕು ಈ ಹೊಸ ಪ್ರಕಾರಕ್ಕಿತ್ತು. ನಾಟಕ ಒಮ್ಮೆ ಮುಗಿಯುತ್ತದೆ. ಧಾರಾವಾಹಿಯಾದರೋ ಪ್ರತಿ ಕಂತಿನಲ್ಲೂ ಮುಗಿಯಬೇಕು, ಮುಗಿಯದೆಯೂ ಇರಬೇಕು. ಕಂತಿನ ಮುಕ್ತಾಯ ಒಂದು, ಕಥೆಯ ಮುಕ್ತಾಯ ಮತ್ತೊಂದು. ಮೊದಲನೆಯದು ಪ್ರೇಕ್ಷಕನನ್ನು ಮುಂದಿನ ವಾರಕ್ಕೆ ಕರೆಯಬೇಕು. ಎರಡನೆಯದು ಅವನನ್ನು ಬೀಳ್ಕೊಡಬೇಕು.

‘ಹಮ್ ಲೋಗ್’ನಲ್ಲಿ ಈ ತೊಡಕಿಗೆ ಕಂಡುಕೊಂಡ ಉಪಾಯ ಸೂತ್ರಧಾರನದು. ಹಿರಿಯ ನಟ ಅಶೋಕ್‌ಕುಮಾರ್ ಪ್ರತಿ ಕಂತಿನ ಕಡೆಯಲ್ಲಿ ಪರದೆಯ ಮೇಲೆ ಕಾಣಿಸಿಕೊಂಡು, ಅಂದಿನ ಘಟನೆಗಳ ಬಗ್ಗೆ ವೀಕ್ಷಕರೊಡನೆ ಮಾತನಾಡಿ ವಿದಾಯ ಹೇಳುತ್ತಿದ್ದರು. ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ದಲ್ಲಿ (1988–1990) ಇದೇ ಕೆಲಸವನ್ನು ಹಾಡು ನಿರ್ವಹಿಸಿತು. ರಾಜ್ ಕಮಲ್ ಅವರ ಸಂಗೀತ ನಿರ್ದೇಶನದಲ್ಲಿ ಮಹೇಂದ್ರ ಕಪೂರ್ ಅವರ ಕಂಠದಿಂದ ಕಂತಿನ ಸಾರವನ್ನು ಹೇಳುವ ದ್ವಿಪದಿಗಳು ಹೊಮ್ಮುತ್ತಿದ್ದವು. ನೋಡಿದ್ದರ ನೀತಿಯೇನು ಎಂಬುದನ್ನು ಗಾಯಕನೇ ತೀರ್ಮಾನಿಸಿ ಹೇಳುವ ಈ ಕ್ರಮ ಹರಿಕಥೆ, ಕೀರ್ತನೆಗಳ ಶ್ರೋತೃಗಳಿಗೆ ಅಪರಿಚಿತವೇನಲ್ಲ. ಅದರ ಯಶಸ್ಸಿನ ಗುಟ್ಟೂ ಈ ಪರಿಚಯದಲ್ಲೇ ಇದ್ದಿರಬೇಕು.

ಇದಕ್ಕೆ ಭಿನ್ನವಾದ ಮಾರ್ಗವನ್ನು ಶ್ಯಾಮ್ ಬೆನೆಗಲ್ ಅವರ ‘ಭಾರತ್ ಏಕ್ ಖೋಜ್’ ಹಿಡಿಯಿತು. ನೆಹರೂ ಅವರ ‘ದಿ ಡಿಸ್ಕವರಿ ಆಫ್ ಇಂಡಿಯಾ’ ಕೃತಿಯನ್ನು ಆಧರಿಸಿದ 53 ಕಂತುಗಳ ಈ ಧಾರಾವಾಹಿಗೆ ವನರಾಜ್ ಭಾಟಿಯಾ ಸಂಗೀತ ಸಂಯೋಜಿಸಿದರು. ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿಯೂ ಪ್ಯಾರಿಸ್ಸಿನಲ್ಲಿ ನಾಡಿಯಾ ಬೂಲಾಂಜೆ ಅವರಲ್ಲಿಯೂ ಅಭ್ಯಾಸ ಮಾಡಿ ಬಂದ ಸಂಗೀತಗಾರರು ಅವರು. ಆರಂಭಕ್ಕೆ ಋಗ್ವೇದದ ನಾಸದೀಯ ಸೂಕ್ತವನ್ನೂ ಮುಕ್ತಾಯಕ್ಕೆ ಹಿರಣ್ಯಗರ್ಭ ಸೂಕ್ತವನ್ನೂ ವಸಂತ ದೇವ್ ಅವರ ಹಿಂದಿ ಅನುವಾದದೊಡನೆ ಬಳಸಿಕೊಳ್ಳಲಾಯಿತು. ಎರಡೂ ಹತ್ತನೆಯ ಮಂಡಲದ ಸೂಕ್ತಗಳು. ಹಿರಣ್ಯಗರ್ಭ ಸೂಕ್ತದ ಪಲ್ಲವಿಯಂತಿರುವ ಪಾದವು ಹವಿಸ್ಸು ಯಾವ ದೇವನಿಗೆ ಸಲ್ಲಬೇಕೆಂದು ಕೇಳುತ್ತದೆ ಎಂಬುದು ಇಲ್ಲಿ ಗಮನಾರ್ಹ. ವೃಂದಗಾನದ ಗಾಂಭೀರ್ಯ ಮಂಗಳದ್ದು. ಅದು ಹೊತ್ತಿರುವ ವಾಕ್ಯ ಮಾತ್ರ ಪ್ರಶ್ನೆಯದು. ಚರಿತ್ರೆಯ ಒಂದು ಅಧ್ಯಾಯ ಮುಗಿದಾಗ ವೀಕ್ಷಕನಿಗೆ ದೊರೆಯುತ್ತಿದ್ದುದು ತೀರ್ಪಲ್ಲ, ವಿಚಾರಕ್ಕೆ ಬೇಕಾದ ಬಿಡುವು.

ಹೀಗೆ ಒಂದೇ ದಶಕದಲ್ಲಿ ಮುಕ್ತಾಯದ ಸಂಗೀತಕ್ಕೆ ಎರಡು ಮಾದರಿಗಳು ಸಿದ್ಧವಾಗಿದ್ದವು: ಅರ್ಥವನ್ನು ಹೇಳಿ ಮುಗಿಸುವುದು ಮತ್ತು ಅರ್ಥವನ್ನು ಕೇಳಿ ಮುಗಿಸುವುದು. ‘ಮಾಲ್ಗುಡಿ ಡೇಸ್’ ಇವೆರಡನ್ನೂ ಬಿಟ್ಟು ಮೂರನೆಯದೊಂದನ್ನು ಆಯ್ದುಕೊಂಡಿತು.

3. ಮಾಲ್ಗುಡಿಯ ಪದವಿಲ್ಲದ ಹಾಡು

ಆರ್.ಕೆ. ನಾರಾಯಣರ ಕಥೆಗಳನ್ನು ಆಧರಿಸಿದ ‘ಮಾಲ್ಗುಡಿ ಡೇಸ್’ 1987ರಲ್ಲಿ ದೂರದರ್ಶನದಲ್ಲಿ ಪ್ರಸಾರವಾಯಿತು. ಟಿ.ಎಸ್. ನರಸಿಂಹನ್ ನಿರ್ಮಾಪಕರು. ಚಿತ್ರೀಕರಣ ಬಹುಪಾಲು ನಡೆದದ್ದು ಆಗುಂಬೆಯಲ್ಲಿ. ಮಾಲ್ಗುಡಿಯ ರೈಲು ನಿಲ್ದಾಣವಾಗಿ ಕಾಣಿಸಿಕೊಂಡದ್ದು ಶಿವಮೊಗ್ಗ ಜಿಲ್ಲೆಯ ಅರಸಾಳು. ಆ ಹಳೆಯ ನಿಲ್ದಾಣದ ಕಟ್ಟಡವು 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ಸ್ವಾಮಿಯ ಪಾತ್ರದಲ್ಲಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ ಅಭಿನಯಿಸಿದ್ದರು. ಭಾಷೆ ಹಿಂದಿ ಮತ್ತು ಇಂಗ್ಲಿಷ್ ಆಗಿದ್ದರೂ ಊರು, ಮಳೆ, ಮುಖಗಳು ಕನ್ನಡ ನಾಡಿನವೇ ಆಗಿದ್ದವು.

ಈ ಧಾರಾವಾಹಿಯ ಸಂಗೀತ ನಿರ್ದೇಶಕರು ಎಲ್. ವೈದ್ಯನಾಥನ್ (1942–2007). ಪಿಟೀಲು ವಿದ್ವಾಂಸರಾದ ವಿ. ಲಕ್ಷ್ಮೀನಾರಾಯಣ ಅವರ ಪುತ್ರರು; ಎಲ್. ಸುಬ್ರಹ್ಮಣ್ಯಂ ಮತ್ತು ಎಲ್. ಶಂಕರ್ ಅವರ ಸಹೋದರರು. ಕಾಶೀನಾಥರ ‘ಅಪರಿಚಿತ’ (1978) ಚಿತ್ರಕ್ಕೆ ಸಂಗೀತ ನೀಡಿದ್ದ ಅವರು ಕನ್ನಡಕ್ಕೆ ಹೊಸಬರಾಗಿರಲಿಲ್ಲ. ಮಾಲ್ಗುಡಿ ಪ್ರಸಾರವಾದ 1987ರಲ್ಲಿಯೇ ತೆರೆಕಂಡ, ಸಿಂಗೀತಂ ಶ್ರೀನಿವಾಸರಾವ್ ಅವರ ‘ಪುಷ್ಪಕ ವಿಮಾನ’ಕ್ಕೂ ಅವರದೇ ಸಂಗೀತ. ಮಾತೇ ಇಲ್ಲದ ಆ ಚಿತ್ರದ ಕೊನೆಯಲ್ಲಿ, ನಾಯಕಿಯ ವಿಳಾಸ ಬರೆದ ಚೀಟಿ ಚರಂಡಿಯ ಪಾಲಾಗುತ್ತದೆ. ನಾಯಕ ಮತ್ತೆ ಕೆಲಸ ಹುಡುಕುವವರ ಸಾಲಿನಲ್ಲಿ ನಿಲ್ಲುತ್ತಾನೆ. ನಗಿಸುತ್ತಲೇ ಬಂದ ಚಿತ್ರವನ್ನು ಮಾತಿನ ಆಸರೆಯಿಲ್ಲದೆ ಈ ನೆಲೆಗೆ ತರಬೇಕಾಗಿತ್ತು. ಪದಗಳ ನೆರವಿಲ್ಲದೆ ಭಾವವನ್ನು ನಿರ್ವಹಿಸುವ ಈ ಅನುಭವವೂ ಮಾಲ್ಗುಡಿಯ ಸಂಗೀತವೂ ಒಂದೇ ಕಾಲದವು ಎಂಬುದನ್ನು ಮರೆಯಲಾಗದು.

ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳೊಡನೆ ಕೇಳಿಬರುವ ಮಾಲ್ಗುಡಿಯ ಪ್ರಧಾನ ರಾಗಮಾಲಿಕೆಗೆ ಸಾಹಿತ್ಯವಿಲ್ಲ. ಅರ್ಥವಿಲ್ಲದ ಕೆಲವು ಅಕ್ಷರಗಳ ಮೇಲೆ ಗುನುಗಿದಂತಿರುವ ಧಾಟಿ ಅದು. ಕೆಲಸ ಮಾಡುತ್ತ ಅಥವಾ ದಾರಿ ನಡೆಯುತ್ತ ಒಬ್ಬನು ತನಗೆ ತಾನೇ ಹಾಡಿಕೊಂಡಂತಿದೆ. ಅದಕ್ಕೆ ಪದಗಳನ್ನು ಜೋಡಿಸದೆ ಬಿಟ್ಟದ್ದು ಸಣ್ಣ ನಿರ್ಧಾರವಲ್ಲ. ಇದರ ಮಹತ್ವ ತಿಳಿಯಬೇಕಾದರೆ ನಾರಾಯಣರ ಕಥೆಗಳು ಹೇಗೆ ಮುಗಿಯುತ್ತವೆ ಎಂಬುದನ್ನು ನೋಡಬೇಕು.

ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುವುದಾಗಿ ಮಾತು ಕೊಟ್ಟ ಗುಮಾಸ್ತ ವೆಂಕಟರಾವ್, ಬಿಡುವು ಕೊಡದ ಕಚೇರಿಗೆ ರಾಜೀನಾಮೆ ಬರೆಯುತ್ತಾನೆ. ಐದು ರೂಪಾಯಿಯ ಸಂಬಳದ ಏರಿಕೆ ಸಿಕ್ಕಿದೆಯೆಂದು ತಿಳಿದೊಡನೆ ಆ ಕಾಗದವನ್ನು ಹರಿದುಹಾಕುತ್ತಾನೆ. ಮನೆಗೆ ಬಂದಾಗ ಮಗು ಹೊಸ ಉಡುಪಿನಲ್ಲೇ ಕಾದು ಕಾದು ನಿದ್ದೆಹೋಗಿದೆ. ಧಾರಾವಾಹಿಯಲ್ಲಿ ಈ ಪಾತ್ರವನ್ನು ವಿಷ್ಣುವರ್ಧನ್ ನಿರ್ವಹಿಸಿದ್ದರು. ಮತ್ತೊಂದು ಕಥೆಯಲ್ಲಿ ಲೀಲಾಳ ಗೆಳೆಯನಾದ ಮನೆಗೆಲಸದ ಸಿದ್ದನು ಸರ ಕದ್ದನೆಂದು ಪೊಲೀಸರ ವಶವಾಗುತ್ತಾನೆ. ಸರ ಹುಣಿಸೆಹಣ್ಣಿನ ಪಾತ್ರೆಯಲ್ಲೇ ದೊರೆತ ಮೇಲೂ ಮನೆಯ ಯಜಮಾನ ಅವನನ್ನು ಮತ್ತೆ ಸೇರಿಸಿಕೊಳ್ಳಲು ಒಪ್ಪುವುದಿಲ್ಲ. ಈ ಕಥೆಗಳಲ್ಲಿ ಅನ್ಯಾಯವಿದೆ, ಖಳನಿಲ್ಲ, ದುಃಖವಿದೆ, ವಿಲಾಪವಿಲ್ಲ. ಲೇಖಕ ಯಾರ ಪರವಾಗಿಯೂ ತೀರ್ಪು ಕೊಡದೆ ಪಕ್ಕಕ್ಕೆ ಸರಿದುಬಿಡುತ್ತಾನೆ.

ಇಂಥ ಕೊನೆಗೆ ಶೋಕರಾಗದ ಪಿಟೀಲನ್ನು ಹಚ್ಚಿದರೆ ವೆಂಕಟರಾವ್ ಕೇವಲ ಕರುಣೆಗೆ ಪಾತ್ರನಾಗುತ್ತಾನೆ. ಅವನು ತಾನೇ ಹರಿದುಹಾಕಿದ ಕಾಗದ ಮರೆತುಹೋಗುತ್ತದೆ. ನೀತಿಪದ್ಯವನ್ನು ಹಾಡಿಸಿದರೆ ಸಿದ್ದನ ಕಥೆ ಪಾಠವಾಗುತ್ತದೆ. ಯಜಮಾನನ ಜಾಗದಲ್ಲಿ ತಾವಿದ್ದರೆ ಏನು ಮಾಡುತ್ತಿದ್ದೆವು ಎಂಬ ಇರಿತ ವೀಕ್ಷಕನಿಗೆ ತಪ್ಪಿಹೋಗುತ್ತದೆ. ಕಂತಿನ ಕಡೆಗೆ ಮರಳಿ ಬರುವ ಮಾಲ್ಗುಡಿಯ ಧಾಟಿ ಇವೆರಡನ್ನೂ ಮಾಡುವುದಿಲ್ಲ. ಅದು ವೆಂಕಟರಾವ್‌ನ ರಾಗವೂ ಅಲ್ಲ, ಸಿದ್ದನ ರಾಗವೂ ಅಲ್ಲ, ಊರಿನ ರಾಗ. ಒಬ್ಬನ ಸಂಕಟ ಮುಗಿಯದಿದ್ದರೂ ಊರು ನಾಳೆ ಮತ್ತೆ ಏಳುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಅದೇ ಧಾಟಿ ಒಂದು ವಾರ ನಗೆಯ ಕಥೆಯ ನಂತರ ಬಂದು ಹಗುರಾಗಿ ಕೇಳಿಸಿದರೆ, ಮತ್ತೊಂದು ವಾರ ಅಳುವಿನ ಕಥೆಯ ನಂತರ ಬಂದು ಭಾರವಾಗಿ ಕೇಳಿಸುತ್ತದೆ. ಸ್ವರಗಳು ಬದಲಾಗಿಲ್ಲ, ಕೇಳುವವನು ಬದಲಾಗಿದ್ದಾನೆ. ಪುನರಾವರ್ತನೆಯು ಧಾರಾವಾಹಿ ಪ್ರಕಾರಕ್ಕೆ ಒದಗಿಸುವ ದೊಡ್ಡ ಶಕ್ತಿ ಇದೇ ಎನ್ನಬಹುದು.

ಇಲ್ಲಿ ಒಂದು ಹೋಲಿಕೆ ಉಚಿತವೆನಿಸುತ್ತದೆ. ನಾರಾಯಣರ ‘ದಿ ಗೈಡ್’ (1958) ಕಾದಂಬರಿಯ ಕೊನೆಯಲ್ಲಿ ಉಪವಾಸದಿಂದ ಕುಸಿಯುವ ರಾಜುವಿಗೆ ದೂರದ ಬೆಟ್ಟಗಳಲ್ಲಿ ಮಳೆ ಬರುತ್ತಿದೆಯೆಂದು ತೋರುತ್ತದೆ. ಮಳೆ ನಿಜವೋ ಭ್ರಮೆಯೋ, ಅವನು ಸತ್ತನೋ ಉಳಿದನೋ ಎಂಬುದನ್ನು ಲೇಖಕ ಹೇಳುವುದಿಲ್ಲ. ಎಸ್.ಡಿ. ಬರ್ಮನ್ ಅವರ ಸಂಗೀತವಿದ್ದ 1965ರ ಚಲನಚಿತ್ರದಲ್ಲಿ ಮಳೆ ಸುರಿದೇ ಸುರಿಯುತ್ತದೆ, ರಾಜು ಸಂತನಾಗಿಯೇ ಸಾಯುತ್ತಾನೆ. ಹಾಡುಗಳು ಅಮರವಾದವು, ಕಾದಂಬರಿಯ ಸಂದೇಹ ಮಾತ್ರ ಉಳಿಯಲಿಲ್ಲ. ಆ ಚಿತ್ರದ ಬಗೆಗಿನ ತಮ್ಮ ಅಸಮಾಧಾನವನ್ನು ನಾರಾಯಣರು ‘ಮಿಸ್‌ಗೈಡೆಡ್ ಗೈಡ್’ ಎಂಬ ಪ್ರಬಂಧದಲ್ಲಿ ದಾಖಲಿಸಿದ್ದಾರೆ. ಅದೇ ಲೇಖಕನ ಕಥೆಗಳು ಎರಡು ದಶಕಗಳ ಅನಂತರ ಕಿರುತೆರೆಗೆ ಬಂದಾಗ ತಮ್ಮ ಸಂದೇಹವನ್ನು ಉಳಿಸಿಕೊಂಡವು. ಇದರ ಶ್ರೇಯಸ್ಸಿನಲ್ಲಿ ನಿರ್ದೇಶಕನಿಗೆಷ್ಟು ಪಾಲಿದೆಯೋ ಪದವಿಲ್ಲದ ಆ ಧಾಟಿಗೂ ಅಷ್ಟೇ ಪಾಲಿದೆ ಎಂಬುದು ಪ್ರಸ್ತುತ ಲೇಖನದ ನಿಲುವು.

4. ಸಂಗೀತ ಹಿಂದೆ ಸರಿಯುವ ಎಡೆ

ಮುಕ್ತಾಯದ ಭಾವವು ಕೇವಲ ಸೌಂದರ್ಯದ ಪ್ರಶ್ನೆಯಲ್ಲ ಎಂಬುದು 1988ರಲ್ಲಿ ನ್ಯಾಯಾಲಯದ ಮುಂದೆಯೇ ಸ್ಪಷ್ಟವಾಯಿತು. ಭೀಷ್ಮ ಸಾಹನಿಯವರ ಕಾದಂಬರಿಯನ್ನು ಆಧರಿಸಿದ ‘ತಮಸ್’, ದೇಶ ವಿಭಜನೆಯ ಕಾಲದ ಕೋಮು ಹಿಂಸೆಯನ್ನು ಚಿತ್ರಿಸಿತ್ತು. ಅದರ ಪ್ರಸಾರವು ದ್ವೇಷವನ್ನು ಕೆರಳಿಸುತ್ತದೆಂದು ತಡೆ ಕೋರಿದ ಅರ್ಜಿ ಬೊಂಬಾಯಿ ಉಚ್ಚ ನ್ಯಾಯಾಲಯದಲ್ಲಿ ವಜಾ ಆಯಿತು. ಅನಂತರ ಸರ್ವೋಚ್ಚ ನ್ಯಾಯಾಲಯವೂ 1988ರ ಫೆಬ್ರವರಿಯಲ್ಲಿ ಅಂಥ ಕೋರಿಕೆಯನ್ನು ತಳ್ಳಿಹಾಕಿತು. ಕೃತಿಯ ಪರಿಣಾಮವನ್ನು ಬಿಡಿ ದೃಶ್ಯಗಳಿಂದಲ್ಲ, ಒಟ್ಟಂದದಿಂದ, ಸಾಮಾನ್ಯ ವಿವೇಕವುಳ್ಳ ದೃಢಮನಸ್ಸಿನ ವ್ಯಕ್ತಿಯ ದೃಷ್ಟಿಯಿಂದ ಅಳೆಯಬೇಕೆಂಬುದು ಆ ತೀರ್ಪಿನ ಸಾರ. ಬೇರೆ ಮಾತುಗಳಲ್ಲಿ ಹೇಳುವುದಾದರೆ, ನೋಡಿ ಮುಗಿಸಿದಾಗ ವೀಕ್ಷಕನಲ್ಲಿ ಉಳಿಯುವುದು ರೌದ್ರವೋ ಕರುಣವೋ ಎಂಬುದೇ ಅಲ್ಲಿನ ವಿವಾದವಾಗಿತ್ತು. ಆನಂದವರ್ಧನನ ಪ್ರಶ್ನೆ ಹೊಸ ವೇಷದಲ್ಲಿ ಮರಳಿ ಬಂದಿತ್ತು.

‘ತಮಸ್’ಗೂ ಸಂಗೀತ ವನರಾಜ್ ಭಾಟಿಯಾ ಅವರದೇ. ಈ ಕೃತಿಯ ಸಂಗೀತಕ್ಕಾಗಿ ಅವರಿಗೆ ರಾಷ್ಟ್ರಪ್ರಶಸ್ತಿ ಸಂದಿತು. ಆದರೆ ಧಾರಾವಾಹಿಯ ಕೊನೆಯ ಗಳಿಗೆಯಲ್ಲಿ ನಮ್ಮ ಕಿವಿಯಲ್ಲಿ ಉಳಿಯುವುದು ರಾಗವಲ್ಲ, ಸದ್ದು. ನಿರಾಶ್ರಿತರ ಶಿಬಿರದಲ್ಲಿ ನತ್ಥುವಿನ ಹೆಂಡತಿ ಕರ್ಮೊ ತನ್ನ ಗಂಡನ ಶವವನ್ನು ಗುರುತಿಸುತ್ತಾಳೆ. ಆ ಆಘಾತದಲ್ಲೇ ಅವಳಿಗೆ ಹೆರಿಗೆಯ ನೋವು ಕಾಣಿಸಿಕೊಳ್ಳುತ್ತದೆ. ಹುಟ್ಟಿದ ಕೂಸಿನ ಅಳುವಿನೊಡನೆ ಎರಡೂ ಕಡೆಯ ಧಾರ್ಮಿಕ ಘೋಷಣೆಗಳು ಕೇಳಿಬರುತ್ತವೆ. ಇಲ್ಲಿ ವಾದ್ಯವೃಂದವು ಕೂಸಿನ ಜನನವನ್ನು ಹರ್ಷದ ಸ್ವರಗಳಿಂದ ಸ್ವಾಗತಿಸಿದ್ದರೆ ಅದು ಸುಳ್ಳು ಮಂಗಳವಾಗುತ್ತಿತ್ತು. ಶೋಕವನ್ನು ನುಡಿಸಿದ್ದರೆ ಕೂಸಿನ ಅಳುವಿಗೆ ಜಾಗವಿರುತ್ತಿರಲಿಲ್ಲ. ಅಳುವೂ ಘೋಷಣೆಯೂ ಒಂದರ ಪಕ್ಕದಲ್ಲಿ ಒಂದು ನಿಂತಾಗ, ಯಾವುದು ಗೆಲ್ಲುತ್ತದೆ ಎಂಬುದನ್ನು ವೀಕ್ಷಕನೇ ಯೋಚಿಸಬೇಕಾಗುತ್ತದೆ. ಪ್ರಶಸ್ತಿ ಪಡೆದ ಸಂಗೀತ ಕೃತಿಯೊಂದು ತನ್ನ ಅತ್ಯಂತ ತೀವ್ರ ಕ್ಷಣದಲ್ಲಿ ಕೂಸಿನ ದನಿಗೆ ಎಡೆಮಾಡಿ ಕೊಟ್ಟಿದೆ ಎಂಬುದು ಸಂಗೀತದ ಸೋಲಲ್ಲ, ಅದರ ಸಂಯಮ.

5. ಮುಗಿಯದಿರುವಿಕೆಯ ಸಂಗೀತ

ಮುಕ್ತಾಯದಲ್ಲಿ ಸಂಗೀತ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಈಗ ಸಂಕ್ಷೇಪವಾಗಿ ಹೇಳಬಹುದು. ಧಾಟಿಯು ಆಧಾರ ಷಡ್ಜಕ್ಕೆ ಮರಳಿ, ಲಯ ನಿಧಾನಗೊಂಡಾಗ ಮನಸ್ಸು ಕಥೆ ತೀರಿತೆಂದು ಒಪ್ಪಿಕೊಳ್ಳುತ್ತದೆ. ಷಡ್ಜವನ್ನು ಮುಟ್ಟದೆ ಪಂಚಮದಲ್ಲೋ ಬೇರೊಂದು ಸ್ವರದಲ್ಲೋ ನಿಂತರೆ ಕಾಯುವಿಕೆ ಉಳಿಯುತ್ತದೆ. ಮೊದಲೇ ಪರಿಚಿತವಾದ ಧಾಟಿ ಮರಳಿದಾಗ ನೆನಪು ಕದಲುತ್ತದೆ. ಸಂಗೀತವೇ ನಿಂತುಹೋದಾಗ ಲೋಕದ ಸದ್ದು ಅರ್ಥ ಪಡೆಯುತ್ತದೆ.

1990ರ ದಶಕದಲ್ಲಿ ಖಾಸಗಿ ವಾಹಿನಿಗಳು ಬಂದು, ವಾರಕ್ಕೊಮ್ಮೆ ಬರುತ್ತಿದ್ದ ಧಾರಾವಾಹಿ ದಿನಕ್ಕೊಮ್ಮೆ ಬರತೊಡಗಿದ ಮೇಲೆ ಎರಡನೆಯ ಕ್ರಮವೇ ಪ್ರಬಲವಾಯಿತು. ಪಾತ್ರವೊಂದು ಬೆಚ್ಚಿ ತಿರುಗಿದಾಗ ಚಿತ್ರ ನಿಶ್ಚಲವಾಗಿ, ತಾಳವಾದ್ಯಗಳ ಅಬ್ಬರದೊಡನೆ ಕಂತು ಕಡಿದುಹೋಗುವುದು ಸರ್ವೇಸಾಮಾನ್ಯವಾಯಿತು. ಅದು ಮುಕ್ತಾಯದ ಸಂಗೀತವಲ್ಲ, ಮುಗಿಯದಿರುವಿಕೆಯ ಸಂಗೀತ. ಕನ್ನಡದಲ್ಲಿ ಈ ಬದಲಾವಣೆಯ ನಡುವೆಯೂ ಒಂದು ವಿಶೇಷ ಘಟಿಸಿತು. ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’, ‘ಮುಕ್ತ’ ಮುಂತಾದ ಧಾರಾವಾಹಿಗಳಿಗೆ ಎಚ್.ಎಸ್. ವೆಂಕಟೇಶಮೂರ್ತಿಯವರಂಥ ಕವಿಗಳು ಶೀರ್ಷಿಕೆ ಗೀತೆ ಬರೆದರು; ಭಾವಗೀತೆಯ ಪರಂಪರೆ ಕಿರುತೆರೆಗೆ ಪ್ರವೇಶ ಪಡೆಯಿತು. ಆ ಹಾಡುಗಳ ಧ್ವನಿ ಕಥೆಯ ತಿರುವುಗಳಿಗಿಂತ ವಿಶಾಲವಾಗಿತ್ತು. ಹೀಗಾಗಿ ಕಥೆ ಎಲ್ಲಿ ನಿಂತರೂ ಅದರಾಚೆ ನೋಡುವ ಒಂದು ಕಿಟಕಿ ತೆರೆದಿರುತ್ತಿತ್ತು. ಮಂಗಳವು ಕೊನೆಯಿಂದ ಆರಂಭಕ್ಕೆ ಸ್ಥಳಾಂತರಗೊಂಡಿತೆಂದರೆ ತಪ್ಪಾಗಲಾರದು.

6. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಹೊರಡುವ ತೀರ್ಮಾನ ಇಷ್ಟು. ದೂರದರ್ಶನ ಧಾರಾವಾಹಿಯ ಮುಕ್ತಾಯದ ಸಂಗೀತವು ಅಲಂಕಾರವಲ್ಲ, ವ್ಯಾಖ್ಯಾನ. ಅದು ವೀಕ್ಷಕನಿಗೆ ತೀರ್ಪನ್ನು ಕೊಡಬಹುದು, ಪ್ರಶ್ನೆಯನ್ನು ಕೊಡಬಹುದು, ಇಲ್ಲವೆ ಅವನನ್ನು ನಂಬಿ ಸುಮ್ಮನಾಗಬಹುದು. ‘ಮಹಾಭಾರತ’, ‘ಭಾರತ್ ಏಕ್ ಖೋಜ್’, ‘ಮಾಲ್ಗುಡಿ ಡೇಸ್’ ಮತ್ತು ‘ತಮಸ್’ ಕೃತಿಗಳು ಕೆಲವೇ ವರ್ಷಗಳ ಅಂತರದಲ್ಲಿ ಈ ಎಲ್ಲ ಸಾಧ್ಯತೆಗಳನ್ನೂ ಪರೀಕ್ಷಿಸಿದವು ಎಂಬುದು ಆ ಕಾಲಘಟ್ಟದ ಹಿರಿಮೆ.

ಈ ವ್ಯಾಖ್ಯಾನ ಕೃತಿಯ ಅತ್ಯಂತ ದುರ್ಬಲ ಸ್ಥಳದಲ್ಲಿದೆ ಎಂಬುದನ್ನೂ ಹೇಳದೆ ವಿಧಿಯಿಲ್ಲ. ಮರುಪ್ರಸಾರದಲ್ಲಿ, ಪ್ರತಿ ತೆಗೆಯುವಾಗ ಮೊದಲು ಕತ್ತರಿಗೆ ಸಿಗುವುದು ಕಡೆಯ ಒಂದೆರಡು ನಿಮಿಷಗಳೇ. ವಾದ್ಯ ನುಡಿಸಿದವರ, ಗುನುಗಿದವರ ಹೆಸರುಗಳಿರುವುದೂ ಅಲ್ಲಿಯೇ. ಕಥೆ ಪುಸ್ತಕದಲ್ಲಿ ಉಳಿಯುತ್ತದೆ, ಅಭಿನಯ ಚಿತ್ರದಲ್ಲಿ ಉಳಿಯುತ್ತದೆ. ಮುಕ್ತಾಯದ ಸಂಗೀತವನ್ನು ಪೂರ್ಣ ಕಂತಿನ ಭಾಗವಾಗಿಯೇ ಕಾಪಾಡದಿದ್ದರೆ ಅದು ಉಳಿಯಲು ಬೇರೆ ಸ್ಥಳವಿಲ್ಲ. ಗ್ರಂಥಾಲಯಗಳೂ ಅಕಾಡೆಮಿಗಳೂ ಧಾರಾವಾಹಿಗಳನ್ನು ಸಂಗ್ರಹಿಸುವಾಗ ಕಂತುಗಳನ್ನು ಕಡೆಯ ಸ್ವರದವರೆಗೂ ಉಳಿಸಿ, ಅಲ್ಲಿ ಮೂಡುವ ಹೆಸರುಗಳನ್ನು ಸೂಚಿಯಲ್ಲಿ ದಾಖಲಿಸುವುದು ಅಗತ್ಯ. ಭಾಗವತರು ಮಂಗಳ ಹಾಡುವ ಮೊದಲೇ ಚೌಕಿಯ ದೀಪ ಆರಿಸಿದರೆ ಆಟ ಮುಗಿದಂತಾಗುವುದಿಲ್ಲ ಎಂಬುದನ್ನು ನಮ್ಮ ಹಿರಿಯರು ಬಲ್ಲರು.